ಬ್ರಿಟನ್ನಿನ ರೇಡಿಯೊ ಕೇಳುಗರ ಮೇಲೆ ಪ್ರಹಸನ: ಯಾರಿಗೆ ಯಾವ ಸ್ಟೇಷನ್, ಯಾರಿಗೆ ಯಾವ ಸಿಟ್ಟು?

ಲೀಸೆಸ್ಟರ್_ಲಿಂಬೆಹುಳಿ

ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹನ್ನೆರಡು ನಿಮಿಷದ ಕನ್ನಡ ಪ್ರಹಸನ ಬೇಕಾಗಿದೆ. ವಿಷಯ: ಈ ದೇಶದಲ್ಲಿ ಒಬ್ಬ ಮನುಷ್ಯ ಯಾವ ರೇಡಿಯೊ ಕೇಳುತ್ತಾನೆ ಅಂತ ಗೊತ್ತಾದರೆ ಸಾಕು, ಅವನ ಜಾತಕವೇ ಗೊತ್ತಾದ ಹಾಗೆ ಜನ ಮಾತಾಡ್ತಾರಲ್ಲ, ಅದು. ಸಭೆಯಲ್ಲಿ ಮುಕ್ಕಾಲು ಪಾಲು ಕನ್ನಡದವರು. ಉಳಿದವರು ಅವರ ಇಂಗ್ಲಿಷ್ ನೆರೆಹೊರೆಯವರು, ಸಹೋದ್ಯೋಗಿಗಳು, ಅಳಿಯ ಸೊಸೆಯರು.

ಈವರೆಗಿನ ಪಟ್ಟಿ ಹೀಗಿದೆ. ಕೊನೆಯ ಮೂರು ಸ್ಟೇಷನ್ ಖಾಸಗಿ, ಉಳಿದವೆಲ್ಲ ಬಿಬಿಸಿಯವು. ರೇಡಿಯೊ 1: ಹೆಡ್‌ಫೋನ್ ಹಾಕಿದ ಹುಡುಗ. ರೇಡಿಯೊ 2: ಕಾರಿನಲ್ಲಿ ಹಾಡುವ ಆಂಟಿ. ರೇಡಿಯೊ 3 (ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ): ಬೋ ಟೈ. ರೇಡಿಯೊ 4 (ಸುದ್ದಿ, ಮಾತು, ನಾಟಕ): ಕಾರ್ಡಿಗನ್, ಕೈಯಲ್ಲಿ ಟೀ. 5 ಲೈವ್: ಫುಟ್‌ಬಾಲ್ ಸ್ಕಾರ್ಫ್. 6 ಮ್ಯೂಸಿಕ್: ಗಡ್ಡ. ಕ್ಲಾಸಿಕ್ ಎಫ್‌ಎಂ: ಮುತ್ತಿನ ಸರ. ಟಾಕ್‌ಸ್ಪೋರ್ಟ್: ಬಿಳಿ ವ್ಯಾನಿನವನು. ಎಲ್‌ಬಿಸಿ (ಕೇಳುಗರು ಫೋನ್ ಮಾಡಿ ವಾದ ಮಾಡುವ ಸ್ಟೇಷನ್): ಟ್ಯಾಕ್ಸಿಯವನು. ಒಂಬತ್ತು ಜನ, ಒಂಬತ್ತು ವೇಷ. ಬರೆದು ಓದಿದರೆ ಶಾಲಾ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆ ಥರ ಕಾಣ್ತಿದೆ. ನಗು ಬರ್ತಿಲ್ಲ. ಎಲ್ಲಿ ಎಡವಿದೆ?

ಕೆಟಲ್_ಇಟ್ಟಾಯ್ತು

ವೇಷದಿಂದ ಶುರು ಮಾಡಿದ್ದೇ ತಪ್ಪು. ಕಾರ್ಡಿಗನ್ ಹಾಕಿದವರೆಲ್ಲ ರೇಡಿಯೊ 4 ಕೇಳಲ್ಲ. ಒಂದು ಸ್ಟೇಷನ್ನಿನವನನ್ನು ಇನ್ನೊಂದರವನಿಂದ ಬೇರೆ ಮಾಡೋದು ಅವನಿಗೆ ಯಾವುದಕ್ಕೆ ಸಿಟ್ಟು ಬರುತ್ತೆ, ಸಿಟ್ಟು ಬಂದ ಮೇಲೆ ಏನು ಮಾಡ್ತಾನೆ ಅನ್ನೋದು. ಅಷ್ಟು ಹಿಡಿದರೆ ಬಟ್ಟೆ ಯಾವುದಾದರೂ ನಡೆಯುತ್ತೆ.

ಹೀಗೆ ನೋಡಿ. ಎಲ್‌ಬಿಸಿಯವನು ಫೋನ್ ಮಾಡ್ತಾನೆ. ರೇಡಿಯೊ 2 ಕೇಳುವವಳು ಮೆಸೇಜ್ ಕಳಿಸ್ತಾಳೆ, ಅದರಲ್ಲಿ ಸಿಟ್ಟು ಕಡಿಮೆ, ಆಫೀಸಿನ ಅಷ್ಟೂ ಜನರಿಗೆ ಹಲೋ ಜಾಸ್ತಿ. ರೇಡಿಯೊ 3ರವನು ಸ್ವಿಚ್ ಆರಿಸಿ ಪತ್ರಿಕೆಗೆ ಬರೀತಾನೆ. ರೇಡಿಯೊ 4ರವನು ಮಾತ್ರ ಆರಿಸಲ್ಲ. ರೇಡಿಯೊದ ಜೊತೆಗೇ ಜಗಳ ಆಡ್ತಾನೆ, ಅದೂ ಟೋಸ್ಟಿಗೆ ಬೆಣ್ಣೆ ಸವರುತ್ತಾ. ಆಮೇಲೆ ಬಿಬಿಸಿಗೇ ಪತ್ರ ಬರೀತಾನೆ. ಆ ಪತ್ರಗಳನ್ನು ಓದಿ ಉತ್ತರ ಕೊಡೋಕೆ ಅಂತಲೇ ರೇಡಿಯೊ 4ರಲ್ಲಿ 'ಫೀಡ್‌ಬ್ಯಾಕ್' ಅನ್ನೋ ಕಾರ್ಯಕ್ರಮ ಇದೆ. ಆ ಕಾರ್ಯಕ್ರಮದ ಮೇಲೂ ಅವನ ದೂರು ಇರುತ್ತೆ.

ರೇಡಿಯೊ 4 ಒಂದನ್ನೇ ಸರಿಯಾಗಿ ಬರೆದರೆ ನಿಮ್ಮ ಹನ್ನೆರಡು ನಿಮಿಷದಲ್ಲಿ ಐದು ತುಂಬುತ್ತೆ. ಬೇಕಾದ ಸಾಮಾನು ಇದು.

ಬೆಳಿಗ್ಗೆ 'ಟುಡೇ' ಅನ್ನೋ ಸುದ್ದಿ ಕಾರ್ಯಕ್ರಮ. 1957ರಿಂದ ಬರ್ತಿದೆ. 8:10ಕ್ಕೆ ದೊಡ್ಡ ಸಂದರ್ಶನ, ಸಾಮಾನ್ಯವಾಗಿ ಯಾರಾದರೂ ಮಂತ್ರಿ. ಪಾತ್ರಧಾರಿ ಮಂತ್ರಿಗೆ 'ಕೇಳಿದ ಪ್ರಶ್ನೆಗೆ ಉತ್ತರ ಕೊಡಪ್ಪಾ' ಅಂತ ಕೂಗಬೇಕು. ಮರುಗಳಿಗೆಯಲ್ಲೇ ಪ್ರಶ್ನೆ ಕೇಳಿದವರಿಗೆ 'ಅವನಿಗೆ ಮಾತಾಡೋಕೆ ಬಿಡಮ್ಮಾ' ಅಂತಲೂ ಕೂಗಬೇಕು. ಎರಡೂ ಬೇಕು, ಒಂದೇ ಉಸಿರಿನಲ್ಲಿ. ಅದಕ್ಕೂ ಮುಂಚೆ 7:45ರ ಸುಮಾರಿಗೆ ಮೂರು ನಿಮಿಷದ ಧಾರ್ಮಿಕ ಚಿಂತನ ಬರುತ್ತೆ. ಜೋಕಿನ ಲೆಕ್ಕದಲ್ಲಿ ಅದು ಸ್ನಾನದ ಸಮಯ.

ಸಂಜೆ ಏಳರ ಸುದ್ದಿ ಆದಮೇಲೆ 'ದಿ ಆರ್ಚರ್ಸ್'. 1951ರ ಜನವರಿ 1ರಿಂದ ದೇಶಕ್ಕೆಲ್ಲ ಪ್ರಸಾರ ಆಗ್ತಿರೋ ಧಾರಾವಾಹಿ. ಊರು ಆಂಬ್ರಿಜ್, ಜಿಲ್ಲೆ ಬಾರ್ಸೆಟ್‌ಶೈರ್, ಎರಡೂ ಭೂಪಟದಲ್ಲಿಲ್ಲ. ಯುದ್ಧ ಮುಗಿದ ಮೇಲೆ ರೈತರಿಗೆ ಹೊಸ ಬೇಸಾಯ ಕಲಿಸೋಣ ಅಂತ ಕೃಷಿ ಖಾತೆಯ ಸಹಕಾರದಿಂದ ಶುರುವಾಗಿದ್ದು. ನಮ್ಮ ಆಕಾಶವಾಣಿಯ ಕೃಷಿರಂಗಕ್ಕೆ ಸಂಸಾರ ಕಟ್ಟಿಕೊಟ್ಟ ಹಾಗೆ ಅಂದುಕೊಳ್ಳಿ. ಕಂತು ಸುಮಾರು 13 ನಿಮಿಷ. ಆ 13 ನಿಮಿಷ ಫೋನ್ ಎತ್ತೋ ಹಾಗಿಲ್ಲ. 1955ರ ಸೆಪ್ಟೆಂಬರ್ 22ರಂದು, ಬಿಬಿಸಿಗೆ ಎದುರಾಳಿಯಾಗಿ ಐಟಿವಿ ಅನ್ನೋ ಖಾಸಗಿ ಟಿವಿ ಶುರುವಾದ ರಾತ್ರಿಯೇ, ಗ್ರೇಸ್ ಆರ್ಚರ್ ಅನ್ನೋ ಪಾತ್ರವನ್ನು ಬೆಂಕಿ ಅಪಘಾತದಲ್ಲಿ ಸಾಯಿಸಿದರು. ದೇಶಕ್ಕೆ ದೇಶವೇ ಅತ್ತಿತು. ನಗು ಎಲ್ಲಿದೆ ಅಂದರೆ, ಕೇಳುಗ ಯಾವಾಗಲೂ 'ನಾನೇನೂ ಅಷ್ಟಾಗಿ ಕೇಳಲ್ಲ, ಅಡುಗೆಮನೆಯಲ್ಲಿ ಹಚ್ಚಿರುತ್ತೆ ಅಷ್ಟೆ' ಅಂತಾನೆ, ಆದರೆ ಮೂರು ತಲೆಮಾರಿನ ವಂಶಾವಳಿ ಬಾಯಲ್ಲಿರುತ್ತೆ. ಭಾನುವಾರ ಬೆಳಿಗ್ಗೆ ವಾರದ ಕಂತುಗಳೆಲ್ಲ ಒಟ್ಟಿಗೆ ಬರುತ್ತವೆ, ಅದನ್ನೂ ಕೇಳ್ತಾನೆ, 'ಮಲಗೇ ಇದ್ದೆ, ಆರಿಸೋಕೆ ಎದ್ದಿಲ್ಲ' ಅಂತ.

ರಾತ್ರಿ 12:48ಕ್ಕೆ ಶಿಪ್ಪಿಂಗ್ ಫೋರ್‌ಕಾಸ್ಟ್. ಇದನ್ನು ಬಿಡಲೇಬೇಡಿ. ಬ್ರಿಟನ್ ಸುತ್ತಲಿನ ಸಮುದ್ರವನ್ನು 31 ಭಾಗ ಮಾಡಿ ಒಂದೊಂದರ ಹವಾಮಾನ ಓದ್ತಾರೆ. ಸಮುದ್ರಕ್ಕೆ ಕಾಲಿಟ್ಟಿಲ್ಲದವರು, ದೋಣಿ ಬಿಡಿ ಸೈಕಲ್ಲೂ ಇಲ್ಲದವರು, ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಕೇಳ್ತಾರೆ. ಕನ್ನಡ ಸಭಿಕರಿಗೆ ಒಂದೇ ಮಾತಿನಲ್ಲಿ ದಾಟಿಸಬಹುದು: ಬೆಳಿಗ್ಗೆ ಕಾಫಿ ಸೋಸುವಾಗ 'ಸಂಪ್ರತಿ ವಾರ್ತಾಃ ಶ್ರೂಯಂತಾಮ್' ಕೇಳುತ್ತಿದ್ದರಲ್ಲ, ಒಂದಕ್ಷರ ಅರ್ಥವಾಗದಿದ್ದರೂ ಕೇಳದೆ ಬೆಳಗಾಗುತ್ತಿರಲಿಲ್ಲ, ಅದೇ ಇದು.

ಒಂದು ಎಚ್ಚರಿಕೆ. ರೇಡಿಯೊ 4ರವನ ವ್ಯಾಕರಣದ ದೂರು, ಇಂಗ್ಲಿಷಿನಲ್ಲಿ 'ಲೆಸ್' ಬರಬೇಕೋ 'ಫ್ಯೂಯರ್' ಬರಬೇಕೋ ಅನ್ನೋದು, ಕನ್ನಡದಲ್ಲಿ ಸತ್ತು ಹೋಗುತ್ತೆ. ಅದನ್ನು ಅನುವಾದ ಮಾಡಬೇಡಿ. ಅವನಿಗೆ ಅಕಾರ ಹಕಾರದ ಜಗಳ ಕೊಡಿ. ವಾರ್ತೆ ಓದುವವರು 'ಹಾಲು' ಇರುವಲ್ಲಿ 'ಆಲು' ಅಂದರು ಅಂತ ಮೂರು ಪುಟದ ಪತ್ರ ಬರೀಲಿ. ಪಕ್ಕದ ಇಂಗ್ಲಿಷರಿಗೆ ಮಾತು ತಿಳಿಯದಿದ್ದರೂ ಲೆಟರ್‌ಪ್ಯಾಡ್ ತೆಗೆದ ಕೂಡಲೇ ಅರ್ಥ ಆಗುತ್ತೆ.

ದೀರ್ಘತರಂಗ198

ಮೇಲಿನವರು ಹೇಳಿದ್ದು ಸರಿ, ಆದರೆ ಫೋರ್‌ಕಾಸ್ಟನ್ನು ಬರೆಯುವಾಗ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ: ಕವಿತೆ ಮಾಡಿಬಿಡುತ್ತಾರೆ. ಅದು ಕವಿತೆಯಲ್ಲ. ಅದೊಂದು ಫಾರಂ. ಫಾರಂ ಓದಿದಂತೆ ಓದಿದರೇ ನಗು.

ಕ್ರಮ ಹೀಗೆ. ಮೊದಲು ಬಿರುಗಾಳಿ ಎಚ್ಚರಿಕೆ ಇರುವ ಪ್ರದೇಶಗಳ ಹೆಸರು. ಬಳಿಕ ಒಟ್ಟು ಹವೆಯ ಸಾರ. ಬಳಿಕ ವೈಕಿಂಗ್‌ನಿಂದ ಶುರುವಾಗಿ ಪ್ರದಕ್ಷಿಣೆ ಹಾಕಿ ಆಗ್ನೇಯ ಐಸ್‌ಲೆಂಡ್‌ವರೆಗೆ ಒಂದೊಂದು ಪ್ರದೇಶ. ಪ್ರತಿ ಪ್ರದೇಶಕ್ಕೂ ಗಾಳಿಯ ದಿಕ್ಕು, ಬೋಫರ್ಟ್ ಅಂಕಿ (ಗಾಳಿಯ ಬಲದ ಅಳತೆ), ಅಲೆ, ಮಳೆ, ಕೊನೆಗೆ ಎಷ್ಟು ದೂರ ಕಣ್ಣಿಗೆ ಕಾಣುತ್ತದೆ ಎಂಬುದು. 'ಗಾಳಿ' ಎಂಬ ಪದ ಇಲ್ಲ, 'ಬಲ' ಎಂಬ ಪದ ಇಲ್ಲ, ಪೂರ್ಣ ಕ್ರಿಯಾಪದ ಇಲ್ಲವೇ ಇಲ್ಲ. ಮೊತ್ತ ಸುಮಾರು 350 ಪದಗಳ ಮಿತಿ. ಕನ್ನಡದಲ್ಲಿ ಬರೆದರೆ:

'ಟೈನ್, ಡಾಗರ್. ನೈಋತ್ಯ ಐದರಿಂದ ಏಳು, ಆಗಾಗ ಎಂಟು. ಒರಟು. ಮಳೆ, ತಡವಾಗಿ. ಚೆನ್ನ, ಒಮ್ಮೊಮ್ಮೆ ಮಂಕು.'

ಈ 'ತಡವಾಗಿ'ಗೂ ಲೆಕ್ಕವಿದೆ. ಇನ್ನು ಆರು ಗಂಟೆಯೊಳಗೆ ಬರುವ ಗಾಳಿಗೆ ಒಂದು ಪದ, ಆರರಿಂದ ಹನ್ನೆರಡಕ್ಕೆ ಒಂದು, ಹನ್ನೆರಡರಿಂದ ಇಪ್ಪತ್ನಾಲ್ಕಕ್ಕೆ ಇನ್ನೊಂದು. ಹಾಸಿಗೆಯಲ್ಲಿ ಹೆಂಡತಿ 'ಕಸದ ಡಬ್ಬ ಹೊರಗಿಡುತ್ತೀರಾ?' ಎಂದಾಗ ಗಂಡ ಅದೇ ದನಿಯಲ್ಲಿ 'ತಡವಾಗಿ' ಎನ್ನಬೇಕು. ಬೇರೆ ಜೋಕು ಬೇಡ.

ಓದುವ ವೇಗ ನಿಧಾನ, ಏಕೆಂದರೆ ಹಡಗಿನಲ್ಲಿದ್ದವನು ಕೇಳಿ ಬರೆದುಕೊಳ್ಳಬೇಕು. ಪಾತ್ರಧಾರಿ ಭಾವ ತುಂಬಿ ಓದಿದರೆ ಕೆಟ್ಟಿತು. ಮುಂಚಿನ ಸಂಗೀತ 'ಸೇಲಿಂಗ್ ಬೈ', ರಾನಲ್ಡ್ ಬಿಂಜ್ ರಚನೆ. ಎರಡು ಸಾಲು ಗುನುಗಿದರೂ ಇಂಗ್ಲಿಷ್ ಅತಿಥಿಗಳು ಕುರ್ಚಿಯಲ್ಲೇ ಕರಗುತ್ತಾರೆ. ಫಿನಿಸ್ಟೆರ್ ಎಂಬ ಪ್ರದೇಶದ ಹೆಸರನ್ನು 2002ರಲ್ಲಿ ಫಿಟ್ಜ್‌ರಾಯ್ ಎಂದು ಬದಲಿಸಿದರು; ಹವಾಮಾನ ಇಲಾಖೆ ಕಟ್ಟಿದವನ ಹೆಸರು, ಡಾರ್ವಿನ್ ಹೋಗಿದ್ದ ಬೀಗಲ್ ಹಡಗಿನ ಕ್ಯಾಪ್ಟನ್ ಕೂಡ ಅವನೇ. ಅಪ್ಪಟ ರೇಡಿಯೊ 4ರವನು ಇವತ್ತಿಗೂ ಫಿನಿಸ್ಟೆರ್ ಎಂದೇ ಹೇಳುತ್ತಾನೆ, ನಮ್ಮ ಹಿರಿಯರು ಊರಿನ ವೃತ್ತಗಳಿಗೆಲ್ಲ ಹಳೆ ಹೆಸರೇ ಹೇಳುವ ಹಾಗೆ.

ಅದೇ ಜಾತಿಯೊಳಗೆ ಇನ್ನೊಂದು ಒಳಪಂಗಡವಿದೆ, ಲಾಂಗ್ ವೇವ್‌ನವರು, ಅಂದರೆ ರೇಡಿಯೊ 4 ಅನ್ನು ದೀರ್ಘತರಂಗದಲ್ಲೇ ಕೇಳುವವರು. 198 ಕಿಲೋಹರ್ಟ್ಜ್, ಡ್ರಾಯ್ಟ್‌ವಿಚ್ ಗೋಪುರ. ಕ್ರಿಕೆಟ್ ದಿನಗಳಲ್ಲಿ 'ಟೆಸ್ಟ್ ಮ್ಯಾಚ್ ಸ್ಪೆಷಲ್' ಅದರಲ್ಲೇ ಬರುತ್ತಿತ್ತು. ವಿಕೆಟ್ ಬೀಳುವ ಹೊತ್ತಿಗೆ ಸರಿಯಾಗಿ ಶಿಪ್ಪಿಂಗ್ ಫೋರ್‌ಕಾಸ್ಟ್ ಅಡ್ಡ ಬರುತ್ತಿತ್ತು, ಎರಡಕ್ಕೂ ಅಭಿಮಾನಿಯಾದವನ ಸಂಕಟ ಹೇಳತೀರದು. 2023ರ ಆ್ಯಷಸ್ ಮುಗಿದ ಮೇಲೆ ಲಾಂಗ್ ವೇವ್‌ನಲ್ಲಿ ಕ್ರಿಕೆಟ್ ನಿಂತಿತು, 2024ರಲ್ಲಿ ಅದರ ಪ್ರತ್ಯೇಕ ಕಾರ್ಯಕ್ರಮಗಳೂ ನಿಂತವು. ಇದಕ್ಕೂ ಹಿಂದೆ, ತೊಂಬತ್ತರ ದಶಕದ ಆರಂಭದಲ್ಲಿ, ಲಾಂಗ್ ವೇವ್ ಅನ್ನು ದಿನವಿಡೀ ಸುದ್ದಿಗೆ ಕೊಡುವ ಯೋಜನೆ ಬಂದಾಗ ಕೇಳುಗರು ಬಿಬಿಸಿಯ ಮುಖ್ಯ ಕಚೇರಿ ಬ್ರಾಡ್‌ಕಾಸ್ಟಿಂಗ್ ಹೌಸ್‌ಗೆ ಮೆರವಣಿಗೆ ಹೋಗಿದ್ದರು. ಅವರ ಘೋಷಣೆ ಎಂದು ಇವತ್ತಿಗೂ ಹೇಳುವ ಕತೆ: ನಮಗೇನು ಬೇಕು? ರೇಡಿಯೊ 4! ಎಲ್ಲಿ ಬೇಕು? ಲಾಂಗ್ ವೇವ್‌ನಲ್ಲಿ! ಹೇಗೆ ಕೇಳಬೇಕು? ದಯವಿಟ್ಟು! ಇದನ್ನು ವೇದಿಕೆ ಮೇಲೆ ಮೂರು ಜನ ಮುಷ್ಟಿ ಎತ್ತಿ ಕೂಗಲಿ, ಕೊನೆಯ 'ದಯವಿಟ್ಟು'ಗೆ ಮುಷ್ಟಿ ಇಳಿಸಿ ತಲೆ ಬಾಗಿಸಲಿ.

ವೀಣೆ_ಅಲ್ಲ_ವಯೋಲಾ

ರೇಡಿಯೊ 3 ಮತ್ತು ಕ್ಲಾಸಿಕ್ ಎಫ್‌ಎಂ ಇಬ್ಬರನ್ನೂ ಬೇರೆ ಬೇರೆ ತರಬೇಡಿ, ಜೋಡಿಯಾಗಿ ತನ್ನಿ. ಒಬ್ಬರಿಲ್ಲದೆ ಇನ್ನೊಬ್ಬರು ತಮಾಷೆಯೇ ಅಲ್ಲ.

1992ರ ಸೆಪ್ಟೆಂಬರ್ 7ರಂದು ಕ್ಲಾಸಿಕ್ ಎಫ್‌ಎಂ ಶುರುವಾಯಿತು. ಅದಕ್ಕೂ ಮುಂಚೆ ಪರೀಕ್ಷೆಗೆಂದು ಆ ತರಂಗಾಂತರದಲ್ಲಿ ಹಕ್ಕಿಗಳ ಚಿಲಿಪಿಲಿ ಹಾಕಿದ್ದರು. ಅದಕ್ಕೇ ಅಭಿಮಾನಿಗಳು ಹುಟ್ಟಿಕೊಂಡರು. ರೇಡಿಯೊ 3ರವರ ಪ್ರಕಾರ ಆಮೇಲೆ ಬಂದದ್ದಕ್ಕಿಂತ ಹಕ್ಕಿಗಳೇ ವಾಸಿ.

ಕ್ಲಾಸಿಕ್ ಎಫ್‌ಎಂ ಕೇಳುವವರ ಮೇಲಿನ ಅಪವಾದ ಎರಡು. ಒಂದು, ಸಿಂಫನಿಯ ನಿಧಾನದ ಭಾಗ ಒಂದೇ ಸಾಕು, ಉಳಿದ ಮೂರು ಬೇಡ. ಇನ್ನೊಂದು, ಕೃತಿಯ ಹೆಸರು ಗೊತ್ತಿಲ್ಲ, ಯಾವ ಜಾಹೀರಾತಿನಲ್ಲಿ ಬಂದಿತ್ತು ಅಂತ ಗೊತ್ತು. ಇದಕ್ಕೆ ಪಕ್ಕಾ ಸರಕು ಇದೆ: ಡ್ವೊರ್ಜಾಕ್‌ನ 'ನ್ಯೂ ವರ್ಲ್ಡ್' ಸಿಂಫನಿಯ ನಿಧಾನಭಾಗ ಅಂದರೆ ಹೋವಿಸ್ ಬ್ರೆಡ್. ಬಾಖ್‌ನ 'ಏರ್' ಅಂದರೆ ಹ್ಯಾಮ್ಲೆಟ್ ಚುಟ್ಟಾ. ಡೆಲಿಬ್‌ನ ಹೂವಿನ ಯುಗಳಗೀತೆ ಅಂದರೆ ಬ್ರಿಟಿಷ್ ಏರ್‌ವೇಸ್. ಐವತ್ತು ದಾಟಿದ ಇಂಗ್ಲಿಷರು ಮೂರಕ್ಕೂ ತಲೆದೂಗುತ್ತಾರೆ. ಕನ್ನಡದವರಿಗೆ 'ಇದು ಯಾವ ರಾಗ ಅಂತ ಗೊತ್ತಿಲ್ಲ, ವಾಷಿಂಗ್ ಪೌಡರ್ ರಾಗ' ಅಂದರೆ ಮುಗಿಯಿತು.

ರೇಡಿಯೊ 3ರವನ ಆಯುಧ ಮೌನ. ಸಿಂಫನಿಯ ಒಂದು ಚಲನೆ (ಅಂದರೆ ಭಾಗ) ಮತ್ತು ಇನ್ನೊಂದರ ನಡುವೆ ಯಾರೋ ಚಪ್ಪಾಳೆ ತಟ್ಟಿದರೆ ಅವನಿಗೆ ಜ್ವರ ಬರುತ್ತದೆ. ದೃಶ್ಯ ಹೀಗೆ ಕಟ್ಟಿ: ಅವನು ಕುರ್ಚಿಯಲ್ಲಿ, ತೊಡೆ ಮೇಲೆ ಸ್ವರಲಿಪಿಯ ಪುಸ್ತಕ. ರೇಡಿಯೊದಿಂದ ಸದ್ದಿಲ್ಲ. ಪೂರ್ತಿ ಹದಿನೈದು ಸೆಕೆಂಡು ಎಣಿಸಿ. ವೇದಿಕೆ ಮೇಲೆ ಹದಿನೈದು ಸೆಕೆಂಡು ಅಂದರೆ ಬಹಳ ಉದ್ದ. ನಟರು ಏಳಕ್ಕೇ ಬೆವರುತ್ತಾರೆ, ಹಾಗಾಗಿ ತಾಲೀಮಿನಲ್ಲಿ ಗಡಿಯಾರ ಹಿಡಿದು ಕೂರಿಸಿ. ಆಮೇಲೆ ಕ್ಲಾಸಿಕ್ ಎಫ್‌ಎಂ ಹೆಂಗಸು ಬಂದು 'ಸೆಲ್ ಹೋಗಿದೆಯಾ?' ಅಂತ ರೇಡಿಯೊ ಅಲ್ಲಾಡಿಸಬೇಕು. ಅವನು 'ಶ್! ಈಗ ಬರೋದೇ ಒಳ್ಳೆ ಭಾಗ.'

ಇದು ಬರಿ ಕಲ್ಪನೆಯಲ್ಲ. ಸದ್ದು ನಿಂತರೆ ಯಂತ್ರ ಕೆಟ್ಟಿತೆಂದು ತಿಳಿದು ತಾನಾಗಿ ಬದಲಿ ಸಂಗೀತ ಹಾಕುವ ವ್ಯವಸ್ಥೆ ಪ್ರಸಾರ ಕೇಂದ್ರದಲ್ಲಿರುತ್ತದೆ. 2004ರ ಜನವರಿಯಲ್ಲಿ ಜಾನ್ ಕೇಜ್‌ನ 4 ನಿಮಿಷ 33 ಸೆಕೆಂಡಿನ ಮೌನದ ಕೃತಿಯನ್ನು ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ 'ನುಡಿಸಿತು', ರೇಡಿಯೊ 3 ನೇರ ಪ್ರಸಾರ ಮಾಡಿತು. ಅದಕ್ಕಾಗಿ ಆ ವ್ಯವಸ್ಥೆಯನ್ನು ಮೊದಲೇ ಆರಿಸಿಡಬೇಕಾಯಿತು.

ಇತ್ತೀಚಿನ ತಿರುವು ಒಂದಿದೆ, ಸೇರಿಸಿದರೆ ಗೊತ್ತಿದ್ದವರು ಬರೆದಿದ್ದಾರೆ ಅನ್ನಿಸುತ್ತದೆ: 2024ರ ನವೆಂಬರಿನಲ್ಲಿ ಬಿಬಿಸಿಯೇ 'ರೇಡಿಯೊ 3 ಅನ್‌ವೈಂಡ್' ಅಂತ ಮನಸ್ಸು ಹಗುರ ಮಾಡುವ ವಾಹಿನಿ ಶುರು ಮಾಡಿತು. ಮೂವತ್ತು ವರ್ಷ ಆಚೆಮನೆಯವರನ್ನು ಬೈದು ಕೊನೆಗೆ ಅವರ ಹಿತ್ತಲ ಬಾಗಿಲಿಗೇ ಬಂದ ಹಾಗಾಯಿತು. ನಿಮ್ಮ ರೇಡಿಯೊ 3ರವನಿಗೆ ಈ ಸುದ್ದಿ ಆ ಹೆಂಗಸಿನ ಬಾಯಿಂದಲೇ ಗೊತ್ತಾಗಲಿ.

ಲೀಸೆಸ್ಟರ್_ಲಿಂಬೆಹುಳಿ

ತುಂಬಾ ಉಪಕಾರ. ಒಂಬತ್ತನ್ನು ನಾಲ್ಕಕ್ಕೆ ಇಳಿಸ್ತಿದ್ದೀನಿ. ಇನ್ನೊಂದು ಪ್ರಶ್ನೆ. ಇಂಗ್ಲಿಷಿನಲ್ಲಿ ಬಾಯಿ ತೆರೆದ ಕೂಡಲೇ ಯಾವ ವರ್ಗದವನು ಅಂತ ಗೊತ್ತಾಗುತ್ತೆ. ಕನ್ನಡದಲ್ಲಿ ಹೇಗೆ ತೋರಿಸಲಿ? ರೇಡಿಯೊ 4ಕ್ಕೆ ಮೈಸೂರು ಕನ್ನಡ, ಟಾಕ್‌ಸ್ಪೋರ್ಟ್ ವ್ಯಾನಿನವನಿಗೆ ಹುಬ್ಬಳ್ಳಿ ಕನ್ನಡ ಕೊಟ್ಟರೆ ಹೇಗೆ?

ಹುಬ್ಬಳ್ಳಿ_ಟು_ಹಡರ್ಸ್‌ಫೀಲ್ಡ್

ಹಂಗ ಮಾಡಬ್ಯಾಡ್ರಿ. ಅರ್ಧ ಸಭಾ ಎದ್ದು ಊಟದ ಕಡೆ ಹೋಗ್ತದ, ಉಳಿದವ್ರು ನಿಮ್ಮನ್ನ ಹುಡುಕಿಕೊಂಡು ಬರ್ತಾರ. ಸಿನಿಮಾದಾಗ ನಮ್ಮ ಭಾಷಾ ಅಂದ್ರ ನಗಸೋದಕ್ಕ ಅಷ್ಟ ಅಂತ ಮಾಡಿದ್ದು ಸಾಕಾಗೇದ.

ಹಚ್ಚೋದ ಇದ್ರ ಧಾರವಾಡದ ಭಾಷಾ ರೇಡಿಯೊ 3ರ ಮನಷ್ಯಾಗ ಹಚ್ರಿ. ಖರೇ ಹೇಳ್ತೀನಿ, ಅಲ್ಲೇ ಬರೋಬ್ಬರಿ ಕೂಡತದ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ಸೀಮಿ ಅದು. ವಿಲಂಬಿತ್ ನಡದಾಗ ಮಗ್ಗಲದಾಂವ ಚಹಾದ ಬಶಿ ಸಪ್ಪಳ ಮಾಡಿದ್ರ ತಿರುಗಿ ನೋಡ್ತಾರಲ್ಲಾ, ಆ ನೋಟ, ಅದ ರೇಡಿಯೊ 3. ಮಾತ ಬ್ಯಾಡ. ಚಲನೆ ನಡುವ ಚಪ್ಪಾಳಿ ಅಂದ್ರ ಸಮ್ (ತಾಳದ ಮೊದಲ ಪೆಟ್ಟು) ಬರೂಕಿಂತ ಮೊದಲ 'ವ್ಹಾ' ಅಂದಂಗ.

ವ್ಯಾನಿನವನಿಗೆ ಯಾವ ಸೀಮಿ ಭಾಷಾನೂ ಬ್ಯಾಡ. ಅಂವಾ ಮಾತಾಡೋದು ಫುಟ್‌ಬಾಲ್ ಅಷ್ಟ. ಅದಕ್ಕೊಂದ ಭಾಷಾ ಸಾಕು: ಮ್ಯಾನೇಜರ್‌ನ ತಗದ ಹಾಕ್ರಿ. ಮೂರು ಮ್ಯಾಚ್ ಗೆದ್ರೂ ತಗದ ಹಾಕ್ರಿ.

ಕೆಟಲ್_ಇಟ್ಟಾಯ್ತು

ಧಾರವಾಡದ ಸಲಹೆಗೆ ನನ್ನ ಎರಡು ವೋಟು. 'ಸಮ್'ನ ಮಾತು ಹಾಗೇ ಬಳಸಿಕೊಳ್ಳಿ.

ಮಾರುಕಟ್ಟೆ_ಮಾತು

ಖಾಸಗಿ ಸ್ಟೇಷನ್ನುಗಳ ಬಗ್ಗೆ ಯಾರೂ ಹೇಳಿಲ್ಲ. ಅಲ್ಲಿ ನೀವು ಕೇಳುಗನನ್ನು ಊಹಿಸುವ ಅಗತ್ಯವೇ ಇಲ್ಲ, ಜಾಹೀರಾತು ಕೊಡುವವರು ಊಹಿಸಿ ಇಟ್ಟಿದ್ದಾರೆ. ಯಾವುದೇ ಸ್ಟೇಷನ್ ಅರ್ಧ ಗಂಟೆ ಹಾಕಿ, ಹಾಡು, ಮಾತು ಬಿಟ್ಟು ಜಾಹೀರಾತು ಮಾತ್ರ ಬರೆದುಕೊಳ್ಳಿ. ವ್ಯಾನ್ ವಿಮೆ, ಡ್ರಿಲ್ಲು, ಟೈರು, ಬೆಟ್ಟಿಂಗ್ ಬಂದರೆ ನಿಮ್ಮ ಪಾತ್ರ ಎದುರಿಗೆ ನಿಂತ. ಮೆಟ್ಟಿಲು ಹತ್ತಿಸುವ ಕುರ್ಚಿ, ಕ್ರೂಸ್, ಉಯಿಲು ಬಂದರೆ ಇನ್ನೊಬ್ಬ. ಪಟ್ಟಿಯನ್ನೇ ಸಂಭಾಷಣೆ ಮಾಡಿ. ಪಾತ್ರ ಬರುವ ಮುಂಚೆ ಅವನ ಜಾಹೀರಾತುಗಳು ಬರಲಿ.

ಬಿಬಿಸಿಯಲ್ಲಿ ಜಾಹೀರಾತಿಲ್ಲ, ಆದರೆ ಊಹೆ ಅಲ್ಲೂ ಇತ್ತು. 2000ರ ದಶಕದಲ್ಲಿ ಬಿಬಿಸಿಯ ಊರೂರಿನ ರೇಡಿಯೊಗಳಲ್ಲಿ ಕೆಲಸ ಮಾಡುವವರಿಗೆ ಒಂದು ಕಲ್ಪನೆಯ ಜೋಡಿಯನ್ನು ಕೊಟ್ಟಿದ್ದರು, ಇವರಿಗಾಗಿ ಮಾತಾಡಿ ಅಂತ: ಡೇವ್ ಮತ್ತು ಸ್ಯೂ. ವಯಸ್ಸು 55. ಇಬ್ಬರಿಗೂ ವಿಚ್ಛೇದನ ಆಗಿದೆ, ಮಕ್ಕಳು ದೊಡ್ಡವರಾಗಿದ್ದಾರೆ. ಡೇವ್ ಸ್ವಂತ ಕಸುಬಿನ ಪ್ಲಂಬರ್, ಸ್ಯೂ ಶಾಲೆಯೊಂದರ ಸೆಕ್ರೆಟರಿ. ಸಾಮಾನು ತರೋದು ಆಸ್ಡಾ ಸೂಪರ್‌ಮಾರ್ಕೆಟ್ಟಿನಿಂದ. ಅಂದರೆ ನಾವು ತಮಾಷೆಗೆ ಮಾಡುವ ಕೆಲಸವನ್ನು ಮೀಟಿಂಗ್ ಕರೆದು ಮಾಡಿದ್ದಾರೆ. ನಿಮ್ಮ ಪ್ರಹಸನಕ್ಕೆ ಚೌಕಟ್ಟು ಬೇಕಿದ್ದರೆ ಇದೇ ಇರಲಿ: ಮೇಜಿನ ಸುತ್ತ ನಾಲ್ಕು ಅಧಿಕಾರಿಗಳು 'ನಮ್ಮ ರೇಡಿಯೊ ಕೇಳುವವಳು ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುತ್ತಾಳೋ ಇಲ್ಲವೋ' ಅಂತ ಗಂಭೀರವಾಗಿ ಚರ್ಚಿಸಲಿ.

ರೇಡಿಯೊ 2ರ ಮೇಲೆ ಒಂದು ಮಾತು. 'ಕಾರಿನಲ್ಲಿ ಹಾಡುವ ಆಂಟಿ' ದುರ್ಬಲ. ಆ ಸ್ಟೇಷನ್ನಿನ ನಿಜವಾದ ಜೋಕು ವಯಸ್ಸು. 'ನನಗೇನೂ ವಯಸ್ಸಾಗಿಲ್ಲ, ರೇಡಿಯೊ 2ರಲ್ಲೇ ಈಗ ಒಳ್ಳೆ ಹಾಡು ಹಾಕ್ತಾರೆ' ಅನ್ನುವವರು ಅದರ ಕೇಳುಗರು. ರೇಡಿಯೊ 1 ಗುರಿ ಇಡುವುದು 15ರಿಂದ 29ರವರಿಗೆ. ಮೂವತ್ತು ತುಂಬಿದವನು ಅಲ್ಲಿಂದ ಹೊರಡಬೇಕು ಅಂತ ಯಾರೂ ಹೇಳಲ್ಲ. ಒಂದು ದಿನ ಹಾಡು ಗದ್ದಲ ಅನ್ನಿಸುತ್ತದೆ, ಗುಂಡಿ ತಾನಾಗಿ ತಿರುಗುತ್ತದೆ. 2021ರಲ್ಲಿ ಪ್ರೇಮಿಗಳ ದಿನದಂದೇ ಬೂಮ್ ರೇಡಿಯೊ ಶುರುವಾಯಿತು, ರೇಡಿಯೊ 2 ತೀರಾ ಹುಡುಗರದ್ದಾಯಿತು ಅನ್ನುವ ಹಿರಿಯರಿಗಾಗಿ. ಆ ಮೂರು ಗುಂಡಿಗಳಲ್ಲಿ ಒಬ್ಬ ಮನುಷ್ಯನ ಇಡೀ ಜನ್ಮ ಇದೆ.

ಇನ್ನು ಪಾಪ್‌ಮಾಸ್ಟರ್. ಬೆಳಿಗ್ಗೆ ಹತ್ತೂವರೆಗೆ ಕೆನ್ ಬ್ರೂಸ್ ನಡೆಸುವ ಹಾಡಿನ ರಸಪ್ರಶ್ನೆ, 1998ರಿಂದ ರೇಡಿಯೊ 2ರಲ್ಲಿತ್ತು, 2023ರಲ್ಲಿ ಅವರ ಜೊತೆ ಗ್ರೇಟೆಸ್ಟ್ ಹಿಟ್ಸ್ ರೇಡಿಯೊಗೆ ಹೋಯಿತು. ಅತಿ ಹೆಚ್ಚು ಅಂಕ 39. ಹಾಡು ಬಂದ ವರ್ಷ ಒಂದೇ ವರ್ಷದಿಂದ ತಪ್ಪುವುದು ಎಷ್ಟು ಸಾಮಾನ್ಯವೆಂದರೆ ಸೋತವರಿಗೆ ಕೊಡುವ ಟೀ ಶರ್ಟಿನ ಮೇಲೆ ಅದನ್ನೇ ಅಚ್ಚು ಹಾಕಿದ್ದಾರೆ. ಆ ಹೊತ್ತಿನಲ್ಲಿ ಪ್ಲಂಬರ್ ನಲ್ಲಿ ಬಿಚ್ಚಿಟ್ಟು ನಿಂತಿರುತ್ತಾನೆ, ನೀರು ಹರಿಯುತ್ತಿರುತ್ತದೆ, ಅವನ ಬಾಯಲ್ಲಿ 'ಎಂಬತ್ತ್ಮೂರು! ಎಂಬತ್ತ್ಮೂರು!' ಉತ್ತರ: ಎಂಬತ್ನಾಲ್ಕು. ಡೇವ್‌ಗೆ ಇದೇ ದೃಶ್ಯ ಕೊಡಿ.

6 ಮ್ಯೂಸಿಕ್ ಗಡ್ಡದವನನ್ನು ಒಂದೇ ಸಾಲಿನಲ್ಲಿ ಮುಗಿಸಬಹುದು. 2010ರಲ್ಲಿ ಬಿಬಿಸಿ ಅದನ್ನು ಮುಚ್ಚುವ ಪ್ರಸ್ತಾಪ ಮಾಡಿತು. ಗದ್ದಲ ಎದ್ದಿತು, ಕೇಳುಗರು ಹೆಚ್ಚಾದರು, ಮುಚ್ಚಲಿಲ್ಲ. ಗಡ್ಡದವನ ದುಃಖ: 'ಯಾರಿಗೂ ಗೊತ್ತಿಲ್ಲದಿದ್ದಾಗಲೇ ಚೆನ್ನಾಗಿತ್ತು.'

ಬಿಟ್ಟುಬಿಡಬೇಕಾದದ್ದು: ಸ್ಮ್ಯಾಶಿ ಮತ್ತು ನೈಸಿ. ಹ್ಯಾರಿ ಎನ್‌ಫೀಲ್ಡ್, ಪಾಲ್ ವೈಟ್‌ಹೌಸ್ ಟಿವಿಯಲ್ಲಿ ಮಾಡಿದ ಆ ಇಬ್ಬರು ಡಿಜೆಗಳನ್ನು ನಕಲು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅದು ಡಿಜೆಗಳ ಮೇಲಿನ ಜೋಕು, ಕೇಳುಗರ ಮೇಲಿನದಲ್ಲ, ಮೂವತ್ತು ವರ್ಷ ಹಳತು ಬೇರೆ.

ಲೀಸೆಸ್ಟರ್_ಲಿಂಬೆಹುಳಿ

ಡೇವ್, ಸ್ಯೂ ಇಬ್ಬರೂ ಬಂದರು, ಬಿಡಲ್ಲ. ಕೊನೇದಾಗಿ: ಕನ್ನಡದವನ ಪಾತ್ರ ಬೇಕಲ್ವಾ? ಬಿಬಿಸಿಯ ಏಷ್ಯನ್ ನೆಟ್‌ವರ್ಕ್ ಕೇಳುವ ಅಂಗಡಿ ಅಂಕಲ್ ಅಂತ ಮಾಡಬಹುದಾ?

ವೀಣೆ_ಅಲ್ಲ_ವಯೋಲಾ

ಅಂಗಡಿ ಅಂಕಲ್ ಬೇಡ. ಅದು ಬೇರೆಯವರು ನಮ್ಮ ಮೇಲೆ ಮಾಡಿದ ಜೋಕು, ನಮ್ಮ ಬಾಯಲ್ಲಿ ಹಳಸಲು. ಏಷ್ಯನ್ ನೆಟ್‌ವರ್ಕ್‌ನ ಬೇರು ನಿಮ್ಮ ಊರಲ್ಲೇ ಇದೆ, 1976ರಲ್ಲಿ ಬಿಬಿಸಿ ರೇಡಿಯೊ ಲೀಸೆಸ್ಟರ್ ಶುರು ಮಾಡಿದ ಏಷ್ಯನ್ ಕಾರ್ಯಕ್ರಮದಲ್ಲಿ. ಅದನ್ನು ಒಂದು ಮಾತಿನಲ್ಲಿ ತನ್ನಿ, ಸಭೆ ಚಪ್ಪಾಳೆ ತಟ್ಟುತ್ತದೆ.

ಕನ್ನಡದವನ ಜೋಕು ಬೇರೆ. 2017ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ಭಾರತದ ಭಾಷೆಗಳನ್ನು ಹೆಚ್ಚಿಸಿತು: ತೆಲುಗು, ಮರಾಠಿ, ಗುಜರಾತಿ, ಪಂಜಾಬಿ. ತಮಿಳು, ಹಿಂದಿ, ಬಂಗಾಳಿ, ಉರ್ದು ಮೊದಲೇ ಇದ್ದವು. ಮೇಲೆ ಮರಾಠಿ ಬಂತು, ಬಲಕ್ಕೆ ತೆಲುಗು ಬಂತು, ಕೆಳಗೆ ತಮಿಳು ಇದೆ, ನಡುವೆ ನಮ್ಮದಿಲ್ಲ. ನಿಮ್ಮ ಕನ್ನಡಿಗ ಪ್ರತಿ ಸ್ಟೇಷನ್ನಿಗೂ ಹೋಗಿ ಅತಿ ಮರ್ಯಾದೆಯಿಂದ 'ಸಾರ್, ಕನ್ನಡ ಹಾಕ್ತೀರಾ?' ಅಂತ ಕೇಳಲಿ. ಯಾರೂ ಇಲ್ಲ ಅನ್ನಲ್ಲ, ಎಲ್ಲರೂ ಫಾರಂ ಕೊಡ್ತಾರೆ. ಅವನು ಸಿಟ್ಟಾಗಲ್ಲ. 'ಪರವಾಗಿಲ್ಲ ಬಿಡಿ ಸಾರ್' ಅಂತಾನೆ, ಹೋಗಿ ತೆಲುಗು ಕೇಳ್ತಾನೆ. ಸಿಟ್ಟಿನಿಂದ ಪಾತ್ರ ಗುರುತಿಸಬೇಕು ಅಂತ ಕೆಟಲ್ ಅವರು ಹೇಳಿದರಲ್ಲ, ಇವನು ಸಿಟ್ಟು ಬರಬೇಕಾದಲ್ಲಿ ಬಾರದವನು.

ಹುಬ್ಬಳ್ಳಿ_ಟು_ಹಡರ್ಸ್‌ಫೀಲ್ಡ್

ಇದು ನಗಸೂದಿಲ್ಲ, ಚುಚ್ಚತದ. ಇರ್ಲಿ, ಒಂದ ಕಡೆ ಚುಚ್ಚಿದ್ರ ಚಲೋ.

ದೀರ್ಘತರಂಗ198

ಧ್ವನಿಯ ಕೆಲಸ ಯಾರು ಮಾಡುತ್ತೀರೋ ಅವರಿಗೆ. ಗಂಟೆ ಹೊಡೆಯುವ 'ಪಿಪ್ಸ್' ಹಾಕುವುದಾದರೆ ಸರಿಯಾಗಿ ಹಾಕಿ, ತಪ್ಪಿದ್ದರೆ ಸಭೆಯ ಇಂಗ್ಲಿಷರಿಗೆ ಮೊದಲು ಕೇಳುವುದು ಅದೇ. 1924ರಿಂದ ಇರುವ ಸಂಕೇತ. ಆರು ಪಿಪ್, 1 ಕಿಲೋಹರ್ಟ್ಜ್ ಸ್ವರ. ಮೊದಲ ಐದು ಪಿಪ್‌ಗಳು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಚಿಕ್ಕವು, ಒಂದೊಂದು ಸೆಕೆಂಡಿಗೊಂದು, 55ನೇ ಸೆಕೆಂಡಿನಿಂದ. ಆರನೆಯದು ಅರ್ಧ ಸೆಕೆಂಡು ಉದ್ದ, ಅದರ ಆರಂಭವೇ ಗಂಟೆ, ಕೊನೆಯಲ್ಲ. ಫೋನಿನ ಯಾವುದೇ ಟೋನ್ ಆ್ಯಪ್‌ನಲ್ಲಿ ಮಾಡಬಹುದು. ಪಿಪ್ ಮೇಲೆ ನಿರೂಪಕ ಮಾತಾಡಿಬಿಟ್ಟರೆ ರೇಡಿಯೊ ಮಂದಿಯಲ್ಲಿ ದೊಡ್ಡ ಅಪರಾಧ. ನಿಮ್ಮ ರೇಡಿಯೊ 4ರವನು ಆಗ ಗಡಿಯಾರ ನೋಡಿ ಪೆನ್ನಿನ ಮುಚ್ಚಳ ತೆಗೆಯಬೇಕು.

ಕೊನೆಯ ದೃಶ್ಯಕ್ಕೆ ಮೂರು ಸ್ಪೀಕರ್ ಸಿಕ್ಕರೆ ಹೀಗೆ ಮಾಡಿ. ಎಡಗಡೆ ಅಡುಗೆಮನೆಯ ಹಳೆ ಎಫ್‌ಎಂ, ನಡುವೆ ಮಲಗುವ ಕೋಣೆಯ ಡಿಎಬಿ (ಡಿಜಿಟಲ್ ರೇಡಿಯೊ), ಬಲಕ್ಕೆ ಬಚ್ಚಲಿನಲ್ಲಿ ಫೋನು. ಪಿಪ್ಸ್ ಮೊದಲು ಎಡದಿಂದ. ಒಂದೆರಡು ಸೆಕೆಂಡು ಬಿಟ್ಟು ನಡುವಿನಿಂದ, ಡಿಎಬಿ ಅಷ್ಟು ತಡ. ಇಂಟರ್ನೆಟ್ಟಿನದು ಅರ್ಧ ನಿಮಿಷ ತಡವಾಗಿ ಬಂದರೂ ಆಶ್ಚರ್ಯವಿಲ್ಲ, ವೇದಿಕೆಗೆ ಎಂಟು ಸೆಕೆಂಡು ಸಾಕು. ಗಂಡ ಮೊದಲನೆಯದಕ್ಕೆ ಕೈಗಡಿಯಾರ ಸರಿ ಮಾಡುತ್ತಾನೆ, ಎರಡನೆಯದಕ್ಕೆ ಮತ್ತೆ ತಿರುಗಿಸುತ್ತಾನೆ. ಮೂರನೆಯದು ಬಚ್ಚಲಿನಿಂದ ಬಂದಾಗ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಲೆಟರ್‌ಪ್ಯಾಡ್ ಎಳೆದುಕೊಳ್ಳುತ್ತಾನೆ. ಒಳಗಿನಿಂದ ಹೆಂಡತಿ: 'ಕಸದ ಡಬ್ಬ?'